ಹಂಡೆಯಲ್ಲಿ ಉಳಿದ ನೀರು

ಹಬ್ಬದ ದಿನ ಅಮ್ಮ ಎರೆದುಕೊಳ್ಳುವುದನ್ನು ಚಿಕ್ಕಂದಿನಲ್ಲಿ ನೋಡಿದ ನೆನಪೇ ನನಗಿಲ್ಲ. ಎರೆದುಕೊಳ್ಳುತ್ತಿರಲಿಲ್ಲ ಎಂದಲ್ಲ. ಎಲ್ಲರ ಸರದಿ ಮುಗಿದು, ಬಚ್ಚಲೊಲೆಯ ಕೆಂಡ ಬೂದಿಯಾಗಿ, ಹಂಡೆಯ ತಳದಲ್ಲಿ ನಾಲ್ಕು ಚೊಂಬು ಉಗುರುಬೆಚ್ಚಗಿನ ನೀರು ಉಳಿದ ಹೊತ್ತಿಗೆ ಅವಳು ಹೋಗಿ ಬರುತ್ತಿದ್ದಳು. ಅಷ್ಟರಲ್ಲಿ ನಾವು ಹೊಸ ಬಟ್ಟೆ ಹಾಕಿಕೊಂಡು ಅಂಗಳ ಸೇರಿರುತ್ತಿದ್ದೆವು. ಮತ್ತೆ ಒಳಗೆ ಬಂದರೆ ತಲೆಗೆ ಟವೆಲ್ ಸುತ್ತಿಕೊಂಡು ಅಡುಗೆಯ ಒಲೆಯ ಮುಂದೆ ನಿಂತ ಅಮ್ಮ ಕಾಣುತ್ತಿದ್ದಳು.

ಸಾಗರದ ಕಡೆಯ ನಮ್ಮ ಮನೆಯಲ್ಲಿ ದೀಪಾವಳಿ ಶುರುವಾಗುವುದೇ ಬಚ್ಚಲಿನಿಂದ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬರೆದು, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿಸುವುದು. ಬೆಳಗಿನ ಜಾವ ಅಡಿಕೆ ಸಿಪ್ಪೆಯ ಉರಿಯಲ್ಲಿ ಆ ನೀರು ಕುದಿಯುತ್ತಿದ್ದರೆ ಅಜ್ಜಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕೂರಿಸುತ್ತಿದ್ದಳು. ನೆಲದ ಮೇಲೆ ಏಳು ಬೊಟ್ಟು ಎಣ್ಣೆ ಇಡುವಳು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆ ಏಳು ಚಿರಂಜೀವಿಗಳಿಗೆ ಕೊಟ್ಟ ಮೇಲೆ ನಮ್ಮ ನೆತ್ತಿಗೆ. ನಂತರ ಸೀಗೆಪುಡಿ, ಮತ್ತಿ ಸೊಪ್ಪು ಕಿವುಚಿ ತೆಗೆದ ಲೋಳೆ, ಮೈ ಕೆಂಪಾಗುವಷ್ಟು ಬಿಸಿನೀರು. ಆ ಏಳು ಹೆಸರುಗಳಲ್ಲಿ ಒಂದೂ ಹೆಂಗಸಿನದಲ್ಲ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅಮ್ಮನ ನೆತ್ತಿಗೆ ಯಾರು ಎಣ್ಣೆ ಹಚ್ಚುತ್ತಿದ್ದರು ಎಂಬ ಪ್ರಶ್ನೆ ಹೊಳೆದದ್ದು ಅದಕ್ಕಿಂತಲೂ ತಡವಾಗಿ, 2020ರಲ್ಲಿ.

ಆ ವರ್ಷ ಪತ್ರಿಕೆಗಳಲ್ಲಿ 'ಸ್ವ-ಆರೈಕೆ' ಎಂಬ ಮಾತನ್ನು ಮತ್ತೆ ಮತ್ತೆ ಓದಿದೆ. ಅದು ಕಿವಿಗೆ ಒಗ್ಗಲಿಲ್ಲ. ನಮ್ಮ ಭಾಷೆಯಲ್ಲಿ ಆರೈಕೆ ಎನ್ನುವುದು ಇನ್ನೊಬ್ಬರು ಮಾಡುವಂಥದ್ದು. ಬಾಣಂತಿಯ ಆರೈಕೆ, ಮಗುವಿನ ಆರೈಕೆ, ಕಾಯಿಲೆ ಬಿದ್ದವರ ಆರೈಕೆ. ಆರೈಕೆ ಮಾಡಿಸಿಕೊಳ್ಳಬೇಕಾದರೆ ಹೆತ್ತಿರಬೇಕು, ಇಲ್ಲವೆ ಹಾಸಿಗೆ ಹಿಡಿದಿರಬೇಕು. ಅಮ್ಮನಿಗೆ ಬೇರೊಬ್ಬರ ಕೈಯಿಂದ ದಿನವೂ ಎಣ್ಣೆನೀರು ಸಿಕ್ಕಿದ್ದು ಅವಳ ಎರಡು ಬಾಣಂತನಗಳಲ್ಲಿ ಮಾತ್ರ. ಗಟ್ಟಿಮುಟ್ಟಾಗಿ ಓಡಾಡುವ ಹೆಂಗಸು ತನ್ನನ್ನು ತಾನು ಆರೈಕೆ ಮಾಡಿಕೊಳ್ಳುತ್ತೇನೆ ಎಂದರೆ ಅದಕ್ಕೆ ನಮ್ಮ ಮನೆಗಳಲ್ಲಿ ಇದ್ದ ಹೆಸರು ಬೇರೆ: ಮೈಗಳ್ಳತನ.

2020ರ ಯುಗಾದಿ ಬಂದದ್ದು ಮಾರ್ಚ್ 25ರ ಬುಧವಾರ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಇಡೀ ದೇಶಕ್ಕೆ 21 ದಿನಗಳ ಲಾಕ್‌ಡೌನ್ ಘೋಷಿಸಿದ್ದರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಿಂದ ಜನ ಚೀಲ ಹಿಡಿದು ಅಂಗಡಿಗೆ ಓಡಿದರು. ನಾನೂ ಓಡಿದೆ. ತೊಗರಿಬೇಳೆ ಸಿಕ್ಕಿತು, ಬೆಲ್ಲ ಸಿಕ್ಕಿತು, ಮಾವಿನೆಲೆ ಸಿಗಲಿಲ್ಲ. ಬೇವಿನ ಹೂವನ್ನು ಕಟ್ಟಡದ ಹಿಂದಿನ ಮರದಿಂದ ಬೆಳಗಿನ ಐದೂವರೆಗೆ, ಕಳ್ಳತನ ಮಾಡುವವಳಂತೆ ಅತ್ತಿತ್ತ ನೋಡಿ ಕಿತ್ತು ತಂದೆ. ಆ ದಿನ ನನ್ನೊಳಗೆ ಒಂದು ಹಟ ಕೂತಿತ್ತು. ಹೊರಗೆ ಏನು ಬೇಕಾದರೂ ಆಗಲಿ, ಹೊಸ್ತಿಲ ಒಳಗೆ ಯಾವುದೂ ಕಡಿಮೆಯಾಗಬಾರದು. ಕಣಕ ನಾದಿದೆ, ಹೂರಣ ರುಬ್ಬಿದೆ, ಹೋಳಿಗೆ ತಟ್ಟಿದೆ. ಹೋಳಿಗೆ ಸಾರು, ಮಾವಿನಕಾಯಿ ಚಿತ್ರಾನ್ನ, ಎರಡು ಬಗೆಯ ಕೋಸಂಬರಿ. ನಡುವೆ ಪಾತ್ರೆ ತೊಳೆದೆ, ನೆಲ ಒರೆಸಿದೆ. ದೇವರಿಗೆ ನೈವೇದ್ಯವಾಗಿ, ಅತ್ತೆ ಮಾವನವರಿಗೆ, ಪತಿಗೆ, ಮಗಳಿಗೆ ಬಡಿಸಿ ನಾನು ಎಲೆಯ ಮುಂದೆ ಕುಳಿತಾಗ ಮೂರೂವರೆ. ಬೆಳಗಿನಿಂದ ಹೊಟ್ಟೆಗೆ ಹೋದದ್ದು ಎರಡು ಲೋಟ ಕಾಫಿ. ಅದೇನು ಹೊಸದಲ್ಲ. ಪೂಜೆ ಆಗುವ ತನಕ ಏನೂ ತಿನ್ನಬಾರದೆಂಬುದು ನಮ್ಮ ಮನೆಯ ಪದ್ಧತಿ, ಪೂಜೆ ಆದ ಮೇಲೂ ಬಡಿಸುವವರು ಕೊನೆಗೇ ಕೂರುವುದು. ಸಂಜೆಗೆ ಅರ್ಧ ತಲೆ ಸಿಡಿಯುತ್ತಿತ್ತು. ಹಬ್ಬದ ಸಂಜೆಯ ತಲೆನೋವನ್ನು ಹಬ್ಬದ ಭಾಗವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಆ ರಾತ್ರಿ, ನಮ್ಮ ಮನೆಯ ಕೆಲಸಕ್ಕೆ ಬರುವಾಕೆ ಫೋನ್ ಮಾಡಿದರು. ಸಂಬಳದ ಚಿಂತೆ ಇರಬಹುದೆಂದು, ಅವರು ಬಾಯಿ ತೆರೆಯುವ ಮೊದಲೇ ಅದರ ಬಗ್ಗೆ ಹೇಳಿದೆ. ಅವರು ಅದಕ್ಕೆ ಮಾಡಿರಲಿಲ್ಲ. "ಅಕ್ಕಾ, ಹನ್ನೊಂದು ವರ್ಷದ ಮೇಲೆ ಯುಗಾದಿ ದಿನ ಬೆಳಿಗ್ಗೆ ನನ್ನ ಮನೆಯಲ್ಲಿದ್ದೆ. ಮಕ್ಕಳಿಗೆ ನಾನೇ ಎಣ್ಣೆ ಹಚ್ಚಿ ಎರೆದೆ" ಎಂದರು. ಹಬ್ಬದ ಬೆಳಿಗ್ಗೆಯೇ ನಾಲ್ಕು ಮನೆಗಳಲ್ಲಿ ಹೆಚ್ಚು ಕೆಲಸ. ಅಂಗಳ ತೊಳೆಯುವುದು, ರಾಶಿ ಪಾತ್ರೆ. ಎಲ್ಲ ಮುಗಿಸಿ ಅವರು ಮನೆ ಸೇರುತ್ತಿದ್ದುದು ಮಧ್ಯಾಹ್ನ ಎರಡಕ್ಕೆ, ನಾವು ಕೊಟ್ಟ ಹೋಳಿಗೆಯ ಡಬ್ಬಿ ಹಿಡಿದು. ಡಬ್ಬಿ ಕೊಟ್ಟು ನಾವು ತೃಪ್ತಿಪಟ್ಟಿದ್ದೆವು. ಆ ಬೆಳಿಗ್ಗೆಯನ್ನು ಅವರಿಂದ ತೆಗೆದುಕೊಂಡಿದ್ದೆವು ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ನಾನು ಮೂರೂವರೆಗೆ ಉಂಡೆ ಎಂದು ಮನಸ್ಸಿನಲ್ಲಿ ಗೊಣಗುತ್ತಿದ್ದವಳಿಗೆ ಆ ಮಾತು ಇಂದಿಗೂ ಚುಚ್ಚುತ್ತದೆ. ಈಗ ಹಬ್ಬದ ದಿನ ಅವರಿಗೆ ರಜೆ, ಸಂಬಳ ಕಡಿಯದ ರಜೆ. ಹನ್ನೊಂದು ವರ್ಷ ತಡವಾಗಿ.

ಆಮೇಲಿನ ತಿಂಗಳುಗಳನ್ನು ವಿವರಿಸುವ ಅಗತ್ಯವಿಲ್ಲ, ಎಲ್ಲರ ಮನೆಯ ಕಥೆಯೂ ಒಂದೇ ಆಗಿತ್ತು. ಊಟದ ಮೇಜೇ ನನ್ನ ಕಚೇರಿ, ಕಿಟಕಿಯ ಪಕ್ಕ ಮಗಳ ತರಗತಿ, ಉಪ್ಪುನೀರಿನಲ್ಲಿ ಮುಳುಗಿದ ತರಕಾರಿ, ಒಲೆಯ ಮೇಲೆ ಸದಾ ಕುದಿಯುವ ಮೆಣಸು ಜೀರಿಗೆಯ ಕಷಾಯ. ಜುಲೈನಲ್ಲಿ ಬೆಂಗಳೂರಿಗೆ ಮತ್ತೊಂದು ವಾರದ ಲಾಕ್‌ಡೌನ್ ಆಯಿತು, ಅದರ ಬೆನ್ನಿಗೇ 31ರಂದು ವರಮಹಾಲಕ್ಷ್ಮಿ. ಅರಿಸಿನ ಕುಂಕುಮಕ್ಕೆ ಯಾರೂ ಬರುವಂತಿರಲಿಲ್ಲ. ಆದರೂ ಕಳಸಕ್ಕೆ ಸೀರೆ ಉಡಿಸಿ, ಒಂಬತ್ತು ಬಗೆ ಮಾಡಿ, ಮೊಬೈಲಿನಲ್ಲಿ ಹದಿನಾಲ್ಕು ಜನರಿಗೆ ವಿಡಿಯೊ ಕರೆ ಮಾಡಿ ತೋರಿಸಿದೆ. ಬರುವವರಿಲ್ಲದ ಹಬ್ಬದಲ್ಲಿ ಕೆಲಸ ಕಡಿಮೆಯಾಗಬೇಕಿತ್ತಲ್ಲವೆ? ಹೆಚ್ಚಾಯಿತು. ಜನ ಬಂದಿದ್ದರೆ ನಾಲ್ಕು ಕೈ ಸೇರುತ್ತಿದ್ದವು. ತಂಗಿ ಹೂ ಕಟ್ಟುತ್ತಿದ್ದಳು, ನಾದಿನಿ ಸೌತೆಕಾಯಿ ಹೆಚ್ಚುತ್ತಿದ್ದಳು, ಪಕ್ಕದ ಮನೆಯವರು ಎಲೆ ಹಾಕುತ್ತಿದ್ದರು, ಯಾರೋ ನಗಿಸುತ್ತಿದ್ದರು. ಕೂಡಿ ಮಾಡಲೆಂದೇ ಹುಟ್ಟಿದ ಹಬ್ಬಗಳು ಇವು. ಕೂಟವನ್ನು ತೆಗೆದು ಕೆಲಸವನ್ನಷ್ಟೇ ಉಳಿಸಿಕೊಂಡಿದ್ದೆವು, ಆ ಕೆಲಸವೂ ಒಬ್ಬಳ ಮೇಲೆ ಬಿದ್ದಿತ್ತು.

ಆಗಸ್ಟ್ 21, ಗೌರಿ ಹಬ್ಬ. ನಾಲ್ಕು ಗಂಟೆಗೆ ಎದ್ದಿದ್ದೆ. ತವರಿಗೆ ಕೊಡಲಾಗದ ಬಾಗಿನದ ಮೊರಗಳಿಗೆ ಅರಿಸಿನ ಹಚ್ಚಿ ಒಣಗಲು ಇಟ್ಟು, ಮರುದಿನದ ಗಣಪತಿಗೆ ಕಡುಬಿನ ಹಿಟ್ಟು ಕುದಿಸುತ್ತಿದ್ದೆ. ಕಣ್ಣು ಕತ್ತಲಿಟ್ಟಿತು. ಅಡುಗೆಮನೆಯ ನೆಲದ ಮೇಲೆ ಕುಳಿತೆ. ಏಳಲಾಗಲಿಲ್ಲ. ಪತಿ ಗಾಬರಿಯಿಂದ ಥರ್ಮಾಮೀಟರ್ ತಂದು ಇಟ್ಟರು, ಆ ದಿನಗಳಲ್ಲಿ ಮೊದಲು ಹೊಳೆಯುತ್ತಿದ್ದುದೇ ಅದು. ಜ್ವರ ಇರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ, ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಒಂದು ಕ್ಷಣ ನಿರಾಸೆಯಾಯಿತು. ಜ್ವರ ಬಂದಿದ್ದರೆ ಮಲಗಬಹುದಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ಹದಿನಾಲ್ಕು ದಿನ ಮಲಗಬಹುದಿತ್ತು. ಆ ರೋಗದಿಂದ ಜನ ಸಾಯುತ್ತಿದ್ದ ಕಾಲದಲ್ಲಿ, ಮಲಗಲು ಸಿಗುತ್ತದೆಂದು ಅದನ್ನು ಬಯಸಿದವಳು ನಾನು. ಆ ಯೋಚನೆ ನನ್ನನ್ನು ಹೆದರಿಸಿದಷ್ಟು ರೋಗವೂ ಹೆದರಿಸಿರಲಿಲ್ಲ.

ಮಾರ್ಚ್ ಕೊನೆಯಲ್ಲೇ ನಿಮ್ಹಾನ್ಸ್ ಸಂಸ್ಥೆ ಇಂಥ ಸಂಕಟಗಳಿಗಾಗಿ ಸಹಾಯವಾಣಿ ತೆರೆದಿತ್ತು. ಅಂಥದೇ ಒಂದು ಸಹಾಯವಾಣಿಗೆ ಎರಡು ದಿನ ಬಿಟ್ಟು ಫೋನ್ ಮಾಡಿದೆ. ದೊಡ್ಡ ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಆ ಕಡೆಯ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಇವತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ತಿಂದಿರಿ?" ಎಂದರು. ತಿಂದಿರಲಿಲ್ಲ. "ನಿನ್ನೆ?" ನೆನಪಾಗಲಿಲ್ಲ. "ರಾತ್ರಿ ನಿದ್ದೆ?" ನಾನು ಅಳಲು ಶುರುಮಾಡಿದೆ. ಅವರು ಅಳು ನಿಲ್ಲಿಸಲು ಹೇಳಲಿಲ್ಲ, ಕಾದರು. ಕೊನೆಗೆ, ಈಗ ಫೋನ್ ಇಟ್ಟು ಏನಾದರೂ ತಿನ್ನಿ, ಸಂಜೆ ಬೇಕೆನಿಸಿದರೆ ಮತ್ತೆ ಮಾಡಿ ಎಂದರು. ಅಂದು ನಿನ್ನೆಯ ಅನ್ನಕ್ಕೆ ಮೊಸರು ಕಲಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿಂದೆ. ಬೆಳಗಿನ ತಿಂಡಿಯನ್ನು ಬಿಡಬಾರದೆಂಬುದು ಅಂದಿನಿಂದ ನನ್ನ ವ್ರತ, ಪೂಜೆಯ ದಿನವೂ. ದೇವಿಯ ಮುಂದೆ ಎರಡು ಇಡ್ಲಿ ತಿಂದು ನಿಂತವಳ ಮನಸ್ಸು, ಹಸಿದು ಗಡಿಯಾರ ನೋಡುತ್ತ ನಿಂತವಳ ಮನಸ್ಸಿಗಿಂತ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಆ ಸಲವೇ ಬಂಧುಗಳ ವಾಟ್ಸಾಪ್ ಗುಂಪುಗಳನ್ನು ಹಬ್ಬದ ವಾರದಲ್ಲಿ ತೆರೆಯುವುದನ್ನು ಬಿಟ್ಟೆ. ಒಂದು ಕಡೆ ಸಾವಿನ ಸುದ್ದಿ, ಅದರ ಕೆಳಗೇ ಯಾರದೋ ಮನೆಯ ಇಪ್ಪತ್ತೊಂದು ಬಗೆಯ ನೈವೇದ್ಯದ ಚಿತ್ರ. ಎರಡನ್ನೂ ಒಟ್ಟಿಗೆ ನೋಡುವ ಶಕ್ತಿ ನನಗಿರಲಿಲ್ಲ. ಇನ್ನೊಂದು ಬಗೆಯ ಸಂದೇಶವೂ ಆಗ ಓಡಾಡುತ್ತಿತ್ತು: ನೋಡಿ, ನಮ್ಮ ಹಿರಿಯರು ಮಡಿ ಎಂದು ಮಾಡಿದ್ದು ಇದಕ್ಕೇ, ಅಂತರ ಕಾಯುವುದು ನಮಗೆ ಮೊದಲೇ ಗೊತ್ತಿತ್ತು, ಎಂದು. ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಮಡಿಯುಟ್ಟು ಬೆಳೆದ ಮನೆಯ ಮಗಳಾಗಿಯೇ ಹೇಳುತ್ತೇನೆ, ಮಡಿ ದೂರ ಇಟ್ಟದ್ದು ರೋಗವನ್ನಲ್ಲ, ಮನುಷ್ಯರನ್ನು. ತಿಂಗಳಿಗೆ ಮೂರು ದಿನ ಅಮ್ಮನನ್ನು ದೂರ ಇಟ್ಟಿತು, ನಮ್ಮ ತೋಟದಲ್ಲಿ ದುಡಿದವರನ್ನು ಜನ್ಮವಿಡೀ ದೂರ ಇಟ್ಟಿತು. ಮಾಸ್ಕ್ ಹಾಕಿಕೊಂಡು ಆರಡಿ ದೂರ ನಿಂತು ಕ್ಷೇಮ ಕೇಳುವುದಕ್ಕೂ ಅದಕ್ಕೂ ನಂಟು ಕಟ್ಟಬಾರದು.

ಹಬ್ಬವನ್ನು ಚಿಕ್ಕದು ಮಾಡಲು ನನಗೆ ಧೈರ್ಯ ಕೊಟ್ಟದ್ದು ಮೈಸೂರು. ಸಾಮಾನ್ಯವಾಗಿ ಜಂಬೂ ಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ಸಾಗುತ್ತದೆ, ರಸ್ತೆಯ ಇಕ್ಕೆಲದಲ್ಲಿ ಲಕ್ಷಾಂತರ ಜನ. 2020ರ ಅಕ್ಟೋಬರ್ 26ರಂದು ಅದು ಅರಮನೆಯ ಆವರಣದೊಳಗೇ, ಮುನ್ನೂರು ಜನರ ಮಿತಿಯಲ್ಲಿ ಮುಗಿಯಿತು. ಅಭಿಮನ್ಯು ಮೊದಲ ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿದ್ದ. ಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ ಕುಳಿತು ನೋಡುತ್ತಿದ್ದೆವು. ಆನೆ ಅಷ್ಟೇ ಗಂಭೀರವಾಗಿ ಹೆಜ್ಜೆ ಇಟ್ಟಿತು, ತಾಯಿ ಚಾಮುಂಡಿ ಅಷ್ಟೇ ಕಳೆಯಿಂದ ಕುಳಿತಿದ್ದಳು. ಇಷ್ಟು ದೂರಕ್ಕೇ ಮುಗಿಯಿತೆ ಎಂದು ಮಗಳು ಕೇಳಿದಳು. ಅತ್ತೆಯವರು, ಹಬ್ಬದ ಶಾಸ್ತ್ರದಲ್ಲಿ ಒಂದಿಷ್ಟೂ ಬಿಟ್ಟುಕೊಡದ ಹಿರಿಯರು, "ಮುಗಿಯಿತು. ದಸರಾ ಆಯಿತು" ಎಂದರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ನಾನು ಋಣಿ. ನಮ್ಮ ಮನೆಯಲ್ಲಿ ಆ ವರ್ಷ ಒಂಬತ್ತು ಮೆಟ್ಟಿಲಿನ ಗೊಂಬೆ ಇರಲಿಲ್ಲ, ಪಟ್ಟದ ಗೊಂಬೆ ಎರಡೇ ಕುಳಿತಿದ್ದವು. ಅವುಗಳ ಮುಂದೆ ನಾನು ದಿನವೂ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ಗೊಂಬೆ ಕೂರಿಸಿದ ಅಷ್ಟು ವರ್ಷಗಳಲ್ಲಿ ನಾನು ಅವುಗಳ ಮುಂದೆ ಕುಳಿತದ್ದು ಅದೇ ಮೊದಲು.

ದೀಪಾವಳಿಯ ಅಡುಗೆಯನ್ನು ಕುಳಿತು ಮಾತಾಡಿ ಹಂಚಿಕೊಂಡೆವು. ಹೂರಣ ಪತಿಯದು. ಮೊದಲ ಸಲ ನೀರಾಯಿತು, ಬಾಣಲೆಯಲ್ಲಿ ಮತ್ತೆ ಕೆದಕಿ ಗಟ್ಟಿ ಮಾಡಿದರು. ನಾನು ಕೈ ಹಾಕದೆ ಹೊರಗೆ ಕುಳಿತಿದ್ದೆ. ಹಾಗೆ ಕೂರುವುದು ಹೂರಣ ರುಬ್ಬುವುದಕ್ಕಿಂತ ಕಷ್ಟದ ಕೆಲಸ ಎಂಬುದು ಕುಳಿತವರಿಗೇ ಗೊತ್ತು. ಕೈ ಎರಡೂ ಮಡಿಲಲ್ಲಿ ಚಡಪಡಿಸುತ್ತವೆ.

ನವೆಂಬರ್ 14ರ ಬೆಳಿಗ್ಗೆ, ನರಕ ಚತುರ್ದಶಿ, ಸಾಗರಕ್ಕೆ ವಿಡಿಯೊ ಕರೆ ಮಾಡಿದೆ. ಅಜ್ಜಿ ಹೋಗಿ ವರ್ಷಗಳಾಗಿವೆ. ಆ ಸಲ ಮಕ್ಕಳು ಮೊಮ್ಮಕ್ಕಳು ಯಾರೂ ಊರಿಗೆ ಹೋಗಿರಲಿಲ್ಲ, ಅಷ್ಟು ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಹಿಂದೆ ಹೊಗೆ ಕಾಣುತ್ತಿತ್ತು, ಹಂಡೆಯ ಕೊರಳಲ್ಲಿ ಬಳ್ಳಿಯೂ ಇತ್ತು.

"ಅಮ್ಮ, ಇವತ್ತು ನೀನು ಮೊದಲು ಎರೆದುಕೊ. ನೀರು ಕಾದಿದೆಯಲ್ಲ" ಎಂದೆ.

"ನಿನ್ನಪ್ಪನದಾಗಲಿ."

"ಅಪ್ಪ ಎಲ್ಲಿ ಹೋಗುತ್ತಾರೆ?"

"ನನಗೆ ಯಾರು ಎಣ್ಣೆ ಹಚ್ಚಬೇಕು, ಹೇಳು" ಎಂದಳು. ಸಹಜವಾಗಿ ಕೇಳಿದಳು, ದೂರಲಿಲ್ಲ. ಆದರೆ ನನಗೆ ಉತ್ತರ ತಿಳಿಯಲಿಲ್ಲ. ಆಗ ಚೌಕಟ್ಟಿನ ಅಂಚಿನಿಂದ ಅಪ್ಪನ ಕೈ ಬಂತು, ಎಣ್ಣೆಯ ಬಟ್ಟಲು ಹಿಡಿದ ಕೈ. ಎಪ್ಪತ್ತೊಂದು ವರ್ಷದ ಆ ಕೈ ಸ್ವಲ್ಪ ನಡುಗುತ್ತದೆ. ಅಮ್ಮ "ಏನಿದು, ಮಗಳು ನೋಡುತ್ತಿದ್ದಾಳೆ" ಎಂದು ಸೆರಗು ಎಳೆದುಕೊಂಡಳು. ಅಪ್ಪ ನೆಲಕ್ಕೆ ಏಳು ಬೊಟ್ಟು ಇಡುವುದನ್ನು ಮರೆತೇಬಿಟ್ಟರು. ನೇರ ಅಮ್ಮನ ನೆತ್ತಿಗೆ ಹಚ್ಚಿದರು. ಮಾತಿಲ್ಲದೆ ಒಂದೆರಡು ನಿಮಿಷ ಹೋಯಿತು, ಆಮೇಲೆ ಅಮ್ಮ ಫೋನನ್ನು ಬೋರಲು ಹಾಕಿದಳು.

ನಾನು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು, ಗೀಸರಿನ ನೀರನ್ನು ಬಕೆಟಿಗೆ ಬಿಟ್ಟು, ನನ್ನ ನೆತ್ತಿಗೆ ನಾನೇ ಎಣ್ಣೆ ಹಾಕಿಕೊಂಡೆ. ಆತುರವಿಲ್ಲದೆ, ಮೊಣಕೈಗೆ, ಹಿಮ್ಮಡಿಗೆ, ಕಿವಿಯ ಹಿಂದೆ. ಎರಡೇ ಜಾಗ ಕೈಗೆಟುಕುವುದಿಲ್ಲ, ಬೆನ್ನಿನ ನಡುವೆ, ಎರಡೂ ಹೆಗಲುಮೂಳೆಗಳ ಪಕ್ಕ. ಅಲ್ಲಿಗೆ ಇನ್ನೊಬ್ಬರ ಕೈಯೇ ಬೇಕು. ಮಗಳನ್ನು ಕರೆದೆ. ಒಂಬತ್ತು ವರ್ಷದ ಅವಳ ಪುಟ್ಟ ಅಂಗೈಗಳು ಬೆನ್ನಿನ ಮೇಲೆ ಅಡ್ಡಾದಿಡ್ಡಿ ಓಡಿದವು.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ದೊಡ್ಡಪ್ಪ ಹೋದರು. ಒಂದೇ ಹಿತ್ತಿಲಿನ ಎರಡು ಮನೆ ನಮ್ಮವು. ಮುಖ ನೋಡದೆ ಕಳಿಸಿದೆವು. ಅದರ ಬಗ್ಗೆ ಬರೆಯಲು ನನಗೆ ಇನ್ನೂ ಆಗುತ್ತಿಲ್ಲ, ಬಿಟ್ಟುಬಿಡುತ್ತೇನೆ. ವರ್ಷಾಂತಿಕ ಆಗುವ ತನಕ ಎರಡೂ ಮನೆಗಳಿಗೆ ಹಬ್ಬವಿಲ್ಲ. ತೋರಣವಿಲ್ಲ, ಸಿಹಿಯಿಲ್ಲ, ಹಂಡೆಗೆ ಬಳ್ಳಿಯಿಲ್ಲ. ಈ ಪದ್ಧತಿಯನ್ನು ಚಿಕ್ಕವಳಿದ್ದಾಗ ಶಿಕ್ಷೆಯೆಂದು ತಿಳಿದಿದ್ದೆ. ದುಃಖದಲ್ಲಿರುವವರನ್ನು ಯಾರೂ ಬನ್ನಿ, ನಗಿ, ಬಡಿಸಿ ಎನ್ನುವುದಿಲ್ಲ, ವರ್ಷವಿಡೀ ಸುಮ್ಮನಿರಲು ಬಿಡುತ್ತಾರೆ. ಹಬ್ಬದ ದಿನ ಸಪ್ಪೆ ಸಾರು ಅನ್ನ ಉಂಡು ಜಗಲಿಯಲ್ಲಿ ಕುಳಿತರೆ ಏಕೆ ಎಂದು ಕೇಳುವವರಿಲ್ಲ. ಅಷ್ಟೊಂದು ಮನೆಗಳಲ್ಲಿ ಸಾವಾಗಿದ್ದ ಆ ವರ್ಷ, ಆ ಬಿಡುವು ಎಷ್ಟು ದೊಡ್ಡದೆಂದು ಅರ್ಥವಾಯಿತು.

ಆ ಅಕ್ಟೋಬರಿನಲ್ಲಿ ಒಂದು ರಾತ್ರಿ ಅಮ್ಮ ಫೋನಿನಲ್ಲಿ ಬಹಳ ಹೊತ್ತು ಏನೇನೋ ಮಾತಾಡಿ, ಇಡುವ ಮೊದಲು ದನಿ ತಗ್ಗಿಸಿ ಹೇಳಿದಳು: "ಹೇಳಬಾರದು. ಭಾವನವರು ಹೋದ ದುಃಖ ಇದ್ದೇ ಇದೆ. ಆದರೆ ಈ ವರ್ಷ ನನ್ನ ಸೊಂಟ ನೋಯುತ್ತಿಲ್ಲ ಮಾರಾಯ್ತಿ." ಹೇಳಿದ್ದೇ ತಪ್ಪು ಮಾಡಿದವಳಂತೆ, ಯಾರಿಗೂ ಹೇಳಬೇಡ ಎಂದಳು. ಗೌರಿ ಹಬ್ಬದ ದಿನ ನಾನು ಜ್ವರ ಬಯಸಿದ್ದನ್ನು ಆಗ ಅವಳಿಗೆ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ, "ನಾನೂ ಬಯಸಿದ್ದೆ, ನಿನ್ನ ತಮ್ಮ ಚಿಕ್ಕವನಿದ್ದಾಗ" ಎಂದಳು. ಇಲ್ಲಿ ಇದನ್ನು ಬರೆಯುತ್ತಿರುವುದು ಅವಳ ಒಪ್ಪಿಗೆ ಪಡೆದೇ.

2022ರ ದೀಪಾವಳಿಗೆ ಎಲ್ಲರೂ ಊರಿಗೆ ಹೋದೆವು. ವರ್ಷ ಕಳೆದಿತ್ತು, ಹಂಡೆ ಮತ್ತೆ ಹೊಳೆಯುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ನಾನು ಮಣೆ ಹಾಕಿ, ಹರಳೆಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಕೆಂಡದ ಪಕ್ಕ ಬೆಚ್ಚಗೆ ಇಟ್ಟು, ಅಮ್ಮನನ್ನು ಕರೆದೆ. ಹಾಲು ಒಲೆಯ ಮೇಲಿದೆ ಎಂದಳು. ಹಾಲನ್ನು ತಮ್ಮ ನೋಡಿಕೊಂಡ. ಮಗು ಎದ್ದಿದ್ದಾಳೆ, ಅವಳದಾಗಲಿ ಎಂದಳು. ಸರಿ, ಮಗಳದು ಮೊದಲಾಯಿತು. ಆಮೇಲೆ ನಾನು ಎದ್ದು ಹೋಗಿ ಅಮ್ಮನ ಕೈಯಿಂದ ಸೌಟು ತೆಗೆದು ಕಟ್ಟೆಯ ಮೇಲಿಟ್ಟೆ. ಅವಳು ಇನ್ನೇನಾದರೂ ಕೆಲಸ ಉಳಿದಿದೆಯೇ ಎಂದು ಅಡುಗೆಮನೆಯನ್ನೆಲ್ಲ ಒಮ್ಮೆ ನೋಡಿದಳು. ನಂತರ ಬಂದು ಮಣೆಯ ಮೇಲೆ ಕುಳಿತಳು.

ನೆಲಕ್ಕೆ ಏಳು ಬೊಟ್ಟು ಇಟ್ಟೆ. ಅಜ್ಜಿಯ ಹೆಸರು ಹೇಳಿ ಎಂಟನೆಯದನ್ನೂ ಇಟ್ಟೆ. ಅಮ್ಮ ಏನೂ ಹೇಳಲಿಲ್ಲ. ನೆತ್ತಿಯ ಕೂದಲು ಎಷ್ಟು ತೆಳ್ಳಗಾಗಿದೆಯೆಂದು ಎಣ್ಣೆ ಇಳಿದಾಗ ಗೊತ್ತಾಯಿತು. ಹೆಗಲಿಗೆ ಬಂದಾಗ ಅವಳ ಉಸಿರು ನಿಧಾನವಾಯಿತು, ಬೆನ್ನಿನ ನಡುವಿಗೆ ಬಂದಾಗ "ಅಲ್ಲೇ, ಇನ್ನು ಸ್ವಲ್ಪ ಒತ್ತು" ಎಂದಳು. ಹೊರಗೆ ತಮ್ಮನ ಮಕ್ಕಳು ತಮ್ಮ ಸರದಿಗೆ ಗಲಾಟೆ ಮಾಡುತ್ತಿದ್ದರು. ಅವಳು ಏಳಲು ಹೊರಟಳು, ನಾನು ಹೆಗಲು ಒತ್ತಿ ಹಿಡಿದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಮೊದಲ ಚೊಂಬು ಹೊಯ್ದಾಗ "ಬಿಸಿ ಹೆಚ್ಚಾಯಿತು" ಎಂದಳು. ತಣ್ಣೀರು ಬೆರೆಸಲು ಹೋದೆ. "ಬೇಡ, ಇರಲಿ" ಎಂದು ಕಣ್ಣು ಮುಚ್ಚಿದಳು. ಹಂಡೆಯಲ್ಲಿ ನೀರು ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು.